ಪಟ್ಟಿಗೆ ಸಿಕ್ಕಿದ ನಟ: ಸ್ಯಾಮ್ ಜಾಫೆ

ಚಲಚ್ಚಿತ್ರದ ಇತಿಹಾಸಕಾರರು ನಾಯಕನಟರನ್ನು ಕುರಿತು ಬರೆದಷ್ಟು ಪೋಷಕ ಪಾತ್ರಧಾರಿಗಳನ್ನು ಕುರಿತು ಬರೆದಿಲ್ಲ. ೧೮೯೧ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಸ್ಯಾಮ್ ಜಾಫೆ ಗಣಿತದ ಉಪಾಧ್ಯಾಯನಾಗಿದ್ದು ರಂಗಭೂಮಿಗೆ ಬಂದವನು. ೧೯೩೦ರ ‘ಗ್ರ್ಯಾಂಡ್ ಹೋಟೆಲ್’ ನಾಟಕದಲ್ಲಿ ಸಾವಿನಂಚಿನ ಗುಮಾಸ್ತನಾಗಿ ಹೆಸರು ಪಡೆದನು. ‘ಲಾಸ್ಟ್ ಹೊರೈಜ಼ನ್’ (೧೯೩೭) ಚಿತ್ರದಲ್ಲಿ ಶತಮಾನಗಳನ್ನು ಕಂಡ ಲಾಮಾ, ‘ಗಂಗಾ ದಿನ್’ (೧೯೩೯) ಚಿತ್ರದಲ್ಲಿ ಆಂಗ್ಲ ಸೈನ್ಯಕ್ಕೆ ನೀರು ಹೊರುವ ಭಾರತೀಯ. ಈ ಎರಡನೆಯ ಪಾತ್ರವನ್ನು ಭಾರತೀಯ ಪ್ರೇಕ್ಷಕನು ಸಂಕೋಚವಿಲ್ಲದೆ ನೋಡಲಾರನು. ನಟನ ಶ್ರದ್ಧೆಯನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

೧೯೫೦ರಲ್ಲಿ ‘ದಿ ಆಸ್ಫಾಲ್ಟ್ ಜಂಗಲ್’ ಚಿತ್ರದ ಅಭಿನಯಕ್ಕೆ ವೆನಿಸ್ ಉತ್ಸವದ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಅದೇ ವರ್ಷ ‘ರೆಡ್ ಚಾನೆಲ್ಸ್’ ಎಂಬ ಖಾಸಗಿ ಪುಸ್ತಿಕೆಯೊಂದು ಕಮ್ಯೂನಿಸ್ಟ್ ಸಂಬಂಧದ ಶಂಕೆಯ ಮೇಲೆ ೧೫೧ ಮಂದಿಯನ್ನು ಹೆಸರಿಸಿತು. ಅವರಲ್ಲಿ ಜಾಫೆಯೂ ಒಬ್ಬನು. ಪುಸ್ತಿಕೆಯು ನ್ಯಾಯಾಲಯವಲ್ಲ, ಆದರೂ ಶಿಕ್ಷೆ ಜಾರಿಗೆ ಬಂದಿತು. ೧೯೫೧ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ, ವಿರೋಧವಿದ್ದರೂ, ಸ್ಟುಡಿಯೋದ ಮುಖ್ಯಸ್ಥ ಜ಼ಾನಕ್ ಆತನನ್ನು ಉಳಿಸಿಕೊಂಡನು. ಆ ಬಳಿಕ ಹಾಲಿವುಡ್ಡಿನ ಬಾಗಿಲು ಹಲವು ವರ್ಷ ಮುಚ್ಚಿತ್ತು. ಅರವತ್ತು ದಾಟಿದ ನಟನಿಗೆ ಕಳೆದ ವರ್ಷಗಳನ್ನು ತುಂಬಿಕೊಡುವವರು ಯಾರು? ೧೯೫೭ರಲ್ಲಿ ಫ್ರಾನ್ಸಿನ ಕ್ಲೂಜ಼ೋ ತನ್ನ ಚಿತ್ರದಲ್ಲಿ ಪಾತ್ರ ಕೊಟ್ಟನು. ೧೯೫೯ರಲ್ಲಿ ‘ಬೆನ್-ಹರ್’ ಬಂದಿತು. ೧೯೬೧ರಿಂದ ‘ಬೆನ್ ಕೇಸಿ’ ಎಂಬ ಟೆಲಿವಿಷನ್ ಮಾಲಿಕೆಯಲ್ಲಿ ಡಾಕ್ಟರ್ ಜ಼ೋರ್ಬಾನಾಗಿ ಆತ ಮನೆಮನೆಗೆ ಪರಿಚಿತನಾದಾಗ ವಯಸ್ಸು ಎಪ್ಪತ್ತು.