ಹರಕೆಯ ದಾರಿ, ವಿಹಾರದ ದಾರಿ

1841ರಲ್ಲಿ ಲಂಡನ್–ಬ್ರೈಟನ್ ರೈಲು ಓಡತೊಡಗಿದ ಮೇಲೆ ಇಂಗ್ಲೆಂಡಿನ ಸಂಸಾರಗಳು ಒಂದೇ ದಿನದಲ್ಲಿ ಕಡಲು ನೋಡಿ ಮರಳುವಂತಾಯಿತು. ಬಾಬಾಬುಡನ್‌ಗಿರಿಯ ದಾರಿಯಲ್ಲಿರುವ ನಮ್ಮ ಅತ್ತಿಗುಂಡಿಗೆ ಕಡಲೂ ಇಲ್ಲ, ರೈಲೂ ಇಲ್ಲ. ಈ ದಾರಿಯಲ್ಲಿ ಜನರನ್ನು ನಡೆಸಿದ್ದು ಹರಕೆ. ಬಾಬಾಬುಡನ್‌ಗಿರಿಯ ಗುಹೆಯ ದರ್ಶನ, ಮಾಣಿಕ್ಯಧಾರೆಯಲ್ಲಿ ಸ್ನಾನ. ಹಿಂದೂಗಳೂ ಮುಸ್ಲಿಮರೂ ಗಿರಿ ಹತ್ತಿದರು. 17ನೇ ಶತಮಾನದಲ್ಲಿ ಬಾಬಾ ಬುಡನ್ ಏಳು ಕಾಫಿ ಬೀಜ ತಂದರೆಂಬ ಪ್ರತೀತಿಯೂ ಇದೇ ಬೆಟ್ಟದ್ದು. ಬರಬರುತ್ತಾ ಯಾತ್ರೆಯ ದಾರಿಯೇ ವಿಹಾರದ ದಾರಿಯೂ ಆಯಿತು.

ಮನೆಗೆ ನೆಂಟರು ಬಂದರೆ ನಾನು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗಿಂತ ಹೊನ್ನಮ್ಮನ ಹಳ್ಳವನ್ನೇ ಆರಿಸುತ್ತೇನೆ. ಜಲಪಾತ ರಸ್ತೆಗೆ ಹತ್ತಿರ. ಅಜ್ಜಿಯೂ ಮೊಮ್ಮಗುವೂ ಒಟ್ಟಿಗೇ ನೋಡಬಹುದು. ಬುತ್ತಿ ಉಣ್ಣಿ, ಪ್ಲಾಸ್ಟಿಕ್ ಮಾತ್ರ ವಾಪಸ್ ಒಯ್ಯಿರಿ ಎಂದು ಕೈಮುಗಿದು ಕೇಳುತ್ತೇನೆ. ಹರಕೆ ಹೊತ್ತವರು ನಡೆದ ಬೆಟ್ಟಕ್ಕೆ ಅಷ್ಟು ಮರ್ಯಾದೆ ಸಲ್ಲಲೇಬೇಕು.