ವಿಷದುಂಬಿಯ ವೃತ್ತಾಂತ

ಯೂರೋಪಿನ ವೈದ್ಯರು ‘ಸ್ಪೇನಿನ ನೊಣ’ವೆಂದು ಕರೆಯುತ್ತಿದ್ದ ಕೀಟವು ವಾಸ್ತವವಾಗಿ ನೊಣವಲ್ಲ, ಮಿರುಗುವ ಹಸುರು ಮೈಯ ದುಂಬಿ. ಅದರ ಪುಡಿಯ ಪಟ್ಟಿಯಿಂದ ರೋಗಿಯ ಚರ್ಮದ ಮೇಲೆ ಬೊಕ್ಕೆಗಳನ್ನೆಬ್ಬಿಸುವುದು ಬಹುಕಾಲದ ಚಿಕಿತ್ಸೆಯಾಗಿದ್ದಿತು. 1810ರಲ್ಲಿ ಫ್ರಾನ್ಸಿನ ರಸಾಯನಜ್ಞನಾದ ರೊಬಿಕೆಯು ಆ ವಿಷದ ಸಾರವಾದ ಕ್ಯಾಂಥಾರಿಡಿನ್ನನ್ನು ಬೇರ್ಪಡಿಸಿದನು. ಚೀನಾದ ವೈದ್ಯರಾದರೋ ಅದೇ ಕುಲದ ಬೇರೆ ದುಂಬಿಗಳನ್ನು ಗಡ್ಡೆಗಳಿಗೆ ಮದ್ದಾಗಿ ಪುರಾತನ ಕಾಲದಿಂದಲೂ ಬಳಸುತ್ತ ಬಂದಿದ್ದರು.

ಪ್ರೋಟೀನುಗಳಿಂದ ಫಾಸ್ಫೇಟನ್ನು ಕಳಚುವ ಕಿಣ್ವವೊಂದನ್ನು ಈ ವಿಷವು ತಡೆಹಿಡಿಯುವುದೆಂದು 1992ರಲ್ಲಿ ತಿಳಿದುಬಂದಿತು. ಆದರೆ ಆ ಕಿಣ್ವವು ಅರ್ಬುದದ ಕೋಶದಲ್ಲಿರುವಂತೆ ಸ್ವಸ್ಥ ಕೋಶದಲ್ಲಿಯೂ ಇರುವುದು. ಆದುದರಿಂದಲೇ ಈ ಮದ್ದು ರೋಗಿಯ ಮೂತ್ರಪಿಂಡಗಳನ್ನೂ ಕೆಡಿಸುವುದು. ಆ ಬಾಧೆಯನ್ನು ತಗ್ಗಿಸಲೆಂದು ಚೀನಾದಲ್ಲಿ ನಾರ್‌ಕ್ಯಾಂಥಾರಿಡಿನ್ ಎಂಬ ಮಾರ್ಪಟ್ಟ ರೂಪವು ಬಳಕೆಗೆ ಬಂದಿತು. ಇಷ್ಟಾದರೂ ಮುಖ್ಯ ಪ್ರಶ್ನೆಯು ಉಳಿದೇ ಇದೆ: ಸ್ವಸ್ಥ ಕೋಶವನ್ನುಳಿಸಿ ರೋಗಕೋಶವನ್ನು ಮಾತ್ರ ಕೊಲ್ಲುವಂತೆ ವಿಷವನ್ನು ನಡೆಯಿಸುವುದೆಂತು?