ಎತ್ತಿನ ಹಗ್ಗದಿಂದ ಒಂದೇ ಲಿವರ್‌ವರೆಗೆ

ಗಾಡಿ ಓಡಿಸಲು ಕಲಿಯುವುದೆಂದರೆ ಮೊದಲು ನಿಲ್ಲಿಸಲು ಕಲಿಯುವುದು. ತುಂಗಭದ್ರಾ ಹಿನ್ನೀರಿನ ಅಂಚಿನ ನಮ್ಮ ಹಂಪಸಾಗರ ಸೀಮೆಯಲ್ಲಿ ಹಿರಿಯರು ಎತ್ತನ್ನು ಹಗ್ಗ ಜಗ್ಗಿ ನಿಲ್ಲಿಸುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಕಾಲಿಗೆ ಬಂತು. ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್. ಈಗ ಭತ್ತ ಕೊಯ್ಯುವ ಚೈನ್ ಮಷಿನ್‌ನಲ್ಲಿ ಅದು ಮತ್ತೆ ಕೈಗೆ ಬಂದಿದೆ. ಲಿವರ್ ಮುಂದೆ ತಳ್ಳಿದರೆ ಮುಂದೆ, ಹಿಂದೆ ಎಳೆದರೆ ಹಿಂದೆ, ನಡುವೆ ತಂದರೆ ನಿಂತಿತು. ಓಡುವಾಗ ಕ್ಲಚ್ ತುಳಿಯುವ ಮಾತೇ ಇಲ್ಲ.

ಇದರ ಹೆಸರು ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್. ಎಂಜಿನ್ ಒಂದು ಪಂಪ್ ತಿರುಗಿಸುತ್ತದೆ. ಪಂಪ್ ತಳ್ಳಿದ ಎಣ್ಣೆ ಮೋಟಾರ್ ತಿರುಗಿಸುತ್ತದೆ. ಆ ಮೋಟಾರ್ ಗಾಡಿ ನಡೆಸುತ್ತದೆ. ಪಂಪ್ ಒಳಗಿನ ತಟ್ಟೆಯನ್ನು ಲಿವರ್ ಓರೆ ಮಾಡುತ್ತದೆ. ಓರೆ ಹೆಚ್ಚಿದಷ್ಟೂ ಎಣ್ಣೆ ಹೆಚ್ಚು, ವೇಗ ಹೆಚ್ಚು. ತಟ್ಟೆ ನೆಟ್ಟಗಾದರೆ ಎಣ್ಣೆ ಹರಿಯದು.

ಈ ಉಪಾಯ ಹೊಲದಲ್ಲಿ ಹುಟ್ಟಿದ್ದಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಾರ್ವೆ ವಿಲಿಯಮ್ಸ್ ಮತ್ತು ರೆನೋಲ್ಡ್ ಜಾನಿ ರೂಪಿಸಿದ ಇಂಥ ಪಂಪ್-ಮೋಟಾರ್ ಯುದ್ಧನೌಕೆಯ ಫಿರಂಗಿ ತಿರುಗಿಸಲು ಬಳಕೆಯಾಯಿತು. 1954ರಲ್ಲಿ ಇಂಗ್ಲೆಂಡಿನ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಇದನ್ನು ಟ್ರ್ಯಾಕ್ಟರಿಗೆ ಅಳವಡಿಸಿ ತೋರಿಸಿತು. 1967ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಇಂಥ ಟ್ರ್ಯಾಕ್ಟರನ್ನು ಮಾರಾಟಕ್ಕೆ ತಂದಿತು. ಆದರೂ ಉಳುಮೆಯ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಹೋಗಲಿಲ್ಲ. ಎಣ್ಣೆಯ ದಾರಿಯಲ್ಲಿ ಎಂಜಿನ್ ಶಕ್ತಿ ಗೇರ್‌ಗಿಂತ ಹೆಚ್ಚು ಸೋರುತ್ತದೆ, ಖರ್ಚೂ ಜಾಸ್ತಿ.

ಕೊಯ್ಲಿನ ಲೆಕ್ಕವೇ ಬೇರೆ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭತ್ತದ ಸೀಮೆಯಾದವು. ಅಲ್ಲಿನ ಹಸಿ ಗದ್ದೆಯಲ್ಲಿ ಬೆಳೆ ಒಂದು ಕಡೆ ದಟ್ಟ, ಒಂದು ಕಡೆ ತೆಳು. ದಟ್ಟ ಇದ್ದಲ್ಲಿ ಗಾಡಿ ನಿಧಾನವಾಗಬೇಕು, ಆದರೆ ಒಕ್ಕುವ ಡ್ರಮ್ ನಿಧಾನವಾಗಬಾರದು. ಎಕ್ಸಲೇಟರ್ ಇಳಿಸಿದರೆ ಡ್ರಮ್ ಸೊರಗಿ ಕಾಳು ಹುಲ್ಲಿನಲ್ಲೇ ಉಳಿಯುತ್ತದೆ. ಲಿವರ್ ಇದ್ದರೆ ಎಂಜಿನ್ ವೇಗ ಹಾಗೇ ಇಟ್ಟು ಗಾಡಿಯನ್ನಷ್ಟೇ ತಡೆಯಬಹುದು. ಕುಬೋಟಾದಂಥ ಚೈನ್ ಹಾರ್ವೆಸ್ಟರ್‌ಗಳು ಈ ಏರ್ಪಾಟಿನಲ್ಲೇ ಬರುತ್ತವೆ.

ಹಾಗಾಗಿ ಟ್ರ್ಯಾಕ್ಟರ್ ಓಡಿಸಿದವರು ಇಲ್ಲಿ ಹೊಸ ರೂಢಿ ಕಲಿಯಬೇಕು. ಎಕ್ಸಲೇಟರ್ ಒಮ್ಮೆ ಹೊಂದಿಸಿ ಬಿಡಿ, ವೇಗವನ್ನು ಲಿವರ್‌ನಿಂದ ಆಡಿಸಿ. ಲಿವರನ್ನು ಮೆಲ್ಲಗೆ ತಳ್ಳಿ. ಜಗ್ಗಿದರೆ ಗಾಡಿ ಜಿಗಿಯುತ್ತದೆ. ಇಳಿಜಾರಲ್ಲಿ ನಿಲ್ಲಿಸಿದಾಗ ಪಾರ್ಕಿಂಗ್ ಬ್ರೇಕ್ ಹಾಕಿ. ಎಣ್ಣೆ ಸ್ವಲ್ಪ ಸ್ವಲ್ಪವೇ ಜಾರಿ ಗಾಡಿ ಸರಿಯಬಹುದು. ಎಲ್ಲಕ್ಕಿಂತ ಮುಖ್ಯ: ಲಿವರ್ ನಡುವೆ ತಂದರೆ ನಿಲ್ಲುವುದು ಗಾಡಿ ಮಾತ್ರ, ಕತ್ತರಿಯಲ್ಲ. ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡದೆ ಕೈ ಹಾಕಬೇಡಿ.

ಸುಗ್ಗಿಯಲ್ಲಿ ಹೊರಗಿನ ಮಷಿನ್ ಜೊತೆ ಹೊರಗಿನ ಡ್ರೈವರೂ ಬರುತ್ತಾರೆ, ಕೂಲಿ ಅವರ ಜೊತೆಗೇ ಹೋಗುತ್ತದೆ. ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ. ನಮ್ಮ ಹುಡುಗರು ಅಲ್ಲಿ ಕಲಿತು ಬಂದರೆ ಆ ಸೀಟು, ಆ ಕೂಲಿ ಎರಡೂ ಊರಲ್ಲೇ ಉಳಿಯುತ್ತವೆ.